‘ಪಿಕ್’ ಅಂದರೆ ಗೆಸ್ಟ್‌ಗೆ ‘ಪೀಕ್’ ಎಂದು ಕೇಳಿಸುವುದೇಕೆ?

ಕೊಡಗಿನ ಕಕ್ಕಬ್ಬೆಯ ನಿಮ್ಮ ಹೋಂಸ್ಟೇಯಲ್ಲಿ, ಬಸ್ ಸ್ಟ್ಯಾಂಡಿನಿಂದ ಜೀಪಿನಲ್ಲಿ ‘ಪಿಕ್’ ಮಾಡುತ್ತೇವೆ ಅಂದರೆ ವಿದೇಶಿ ಗೆಸ್ಟ್‌ಗಳು ತಡಿಯಂಡಮೋಳ್ ಬೆಟ್ಟದ ‘ಪೀಕ್’ (ಶಿಖರ) ಅಂದುಕೊಳ್ಳುತ್ತಾರೆ ಎಂದು ಕೇಳಿದ್ದೀರಿ. ಅದಕ್ಕೆ ಕಾರಣ ಬಹುಶಃ ಸ್ವರದ ಉದ್ದ ಅಲ್ಲ, ನಾಲಿಗೆ. ನಮ್ಮ ಇ, ಈ ಎರಡಕ್ಕೂ ನಾಲಿಗೆ ಹೆಚ್ಚುಕಡಿಮೆ ಒಂದೇ ಜಾಗದಲ್ಲಿರುತ್ತದೆ, ಎಳೆಯುವ ಹೊತ್ತು ಮಾತ್ರ ಬೇರೆ. ಇಂಗ್ಲಿಷಿನಲ್ಲಿ ಜಾಗವೇ ಬೇರೆ. ಸಾಲದ್ದಕ್ಕೆ ಕ್, ಟ್, ಪ್ ಮುಂದೆ ಬಂದರೆ ಅವರ ‘ಈ’ ಕೂಡ ಮೊಟಕಾಗುತ್ತದೆ. ಹಾಗಾಗಿ ನಿಮ್ಮ ಬಿಗಿಯಾದ ‘ಪಿಕ್’ ಅವರ ಕಿವಿಗೆ ಪೀಕೇ.

ಮೊದಲು ‘ಪೆಕ್’ ಅನ್ನಿ, ಆಮೇಲೆ ‘ಪಿಕ್’. ಎರಡರ ನಡುವೆ ಎಲ್ಲೋ ನಾಲಿಗೆ ಸಡಿಲ ಬಿಡಿ, ತುಟಿ ಅಗಲಿಸಬೇಡಿ. ಅದೇ ಅವರ ‘ಪಿಕ್’. ‘ಪೀಕ್’ ಅನ್ನುವಾಗ ನಗುವ ಹಾಗೆ ತುಟಿ ಅಗಲಿಸಿ. ಆಮೇಲೆ ಫೋನಿನ ವಾಯ್ಸ್ ಟೈಪಿಂಗ್ ಇಂಗ್ಲಿಷಿಗಿಟ್ಟು ಎರಡನ್ನೂ ಹೇಳಿ ನೋಡಿ. ಇಡೀ ವಾಕ್ಯ ಹೇಳಬೇಡಿ, ಅರ್ಥ ನೋಡಿ ಅದೇ ತಿದ್ದಿಬಿಡುತ್ತದೆ. ಬಿಡಿ ಪದವನ್ನೂ ಕೆಲವೊಮ್ಮೆ ತಪ್ಪಾಗಿ ಹಿಡಿಯುತ್ತದೆ, ನಾಲ್ಕೈದು ಸಲ ನೋಡಿ.

‘ರೂಮ್ ಫುಲ್’ ಅನ್ನುವಾಗಲೂ ಇದೇ ಕಥೆ, ಅಲ್ಲಿ ಜಾಸ್ತಿ ಹುಷಾರು. ‘ಫೂಲ್’ ಅಂತ ಕೇಳಿಸಿದರೆ ಕಷ್ಟ ಅಲ್ವಾ! ಬಾಯಿಗೆ ಬರುವ ತನಕ ‘ಜೀಪ್ ಬಸ್ ಸ್ಟ್ಯಾಂಡಿಗೆ ಬರುತ್ತದೆ’ ಎಂದು ಇಂಗ್ಲಿಷಿನಲ್ಲಿ ಹೇಳಿ, ‘ಪಿಕ್’ ಬೇಕಾಗುವುದೇ ಇಲ್ಲ.