ಬಸ್ ಸ್ಟಾಪಿನ ನಲ್ಲಿ ಒಣಗಿದ್ರೆ ಯಾರನ್ನ ಕೇಳೋದು?

ನಿಮ್ಮೂರಿನ ಬಸ್ ಸ್ಟಾಪಿನ ನಲ್ಲಿ ಒಣಗಿದೆ, ಪಕ್ಕದ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಅಂತಾರೆ, ಪಂಚಾಯಿತಿಗೆ ಜವಾಬ್ದಾರಿ ಇಲ್ವಾ ಅಂತ ಕೇಳಿದ್ದೀರಿ. ಖಂಡಿತ ಇದೆ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆಯ 58ನೇ ಪ್ರಕರಣದಲ್ಲಿ ನೀರು ಸರಬರಾಜಿನ ನಿರ್ವಹಣೆ ಗ್ರಾಮ ಪಂಚಾಯಿತಿಯ ಕಡ್ಡಾಯ ಕೆಲಸ. ಘಟಕದಲ್ಲಿ ದುಡ್ಡು ತಗೊಳ್ಳೋದು ಬೇರೆ ವಿಷಯ, ಅದನ್ನೇ ನೆಪ ಮಾಡಿ ನಲ್ಲಿ ಮುಚ್ಚೋದು ಸರಿಯಲ್ಲ.

ಬಾಯಲ್ಲಿ ಹೇಳಿ ಸುಮ್ನೆ ಬರಬೇಡಿ. ಪಿಡಿಒಗೆ, ಅಂದ್ರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ, ಅರ್ಜಿ ಬರೆದು, ಇನ್ನೊಂದು ಪ್ರತಿಗೆ ಸೀಲು, ತಾರೀಖು ಹಾಕಿಸಿಕೊಳ್ಳಿ. ನಮ್ಮೂರಲ್ಲೂ ತಿಂಗಳುಗಟ್ಟಲೆ ಅಲೆದಿದ್ದೆ, ಆ ಸೀಲು ಬಿದ್ದ ಹಾಳೆ ಹಿಡಿದು ಗ್ರಾಮಸಭೆಯಲ್ಲಿ ಎದ್ದು ನಿಂತ ಮೇಲೇ ಹೊಸ ವಾಲ್ವ್ ಬಂತು, ಮೊದಲ ದಿನ ಶಾಲೆ ಮಕ್ಕಳು ಬೊಗಸೆ ಒಡ್ಡಿ ಕುಡಿದಿದ್ದು ಈಗಲೂ ಕಣ್ಣಲ್ಲಿದೆ.

ದುಡ್ಡಿಲ್ಲ ಅಂದ್ರೆ ಲೆಕ್ಕ ಕೇಳಿ. ಕೇಂದ್ರದ 15ನೇ ಹಣಕಾಸು ಆಯೋಗ ಪಂಚಾಯಿತಿಗಳ 2021-26ರ ಅನುದಾನದಲ್ಲಿ ಶೇ 30ರಷ್ಟನ್ನು ಕುಡಿಯುವ ನೀರು, ಮಳೆನೀರು ಸಂಗ್ರಹದಂಥ ಕೆಲಸಕ್ಕೇ ಮೀಸಲಿಟ್ಟಿತ್ತು. ಎಲ್ಲಿ ಖರ್ಚಾಯ್ತು ಅಂತ ಮಾಹಿತಿ ಹಕ್ಕಿನಲ್ಲಿ ಕೇಳಿದ್ರೆ 30 ದಿನದಲ್ಲಿ ಉತ್ತರ ಕೊಡಬೇಕು.

ಇನ್ನೊಂದು, ಬೋರ್‌ವೆಲ್ ನೀರಾದ್ರೆ ಪರೀಕ್ಷೆ ಮಾಡಿಸಲು ಪಿಡಿಒಗೆ ಕೊಡೋ ಅರ್ಜಿಯಲ್ಲೇ ಬರೆಯಿರಿ. ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಮಕ್ಕಳ ಹಲ್ಲು ಹಾಳಾಗುತ್ತೆ ಅಲ್ವಾ.