ಗದ್ದೆ ಒಡೆದು ಎಂಟು ರೂಮು ಕಟ್ಟುವ ಮುಂಚೆ

ತಮ್ಮಾ, ಹಂಪಿ ಹತ್ತಿರದ ಸಾಣಾಪುರದಲ್ಲಿ ಎರಡೆಕರೆ ಗದ್ದೆ ಒಡೆದು ಪ್ರವಾಸಿಗರಿಗೆ ಎಂಟು ಎಸಿ ರೂಮು ಕಟ್ಟುತ್ತೇನೆ, ಅಡಿಗೆಯವರು ಬೆಂಗಳೂರಿನಿಂದ, ದಿನಸಿ ಹೊಸಪೇಟೆಯಿಂದ ಅಂತ ಬರೆದಿದ್ದೀಯಲ್ಲ, ಓದಿ ಸುಮ್ನೆ ಇರಲು ಆಗಲಿಲ್ಲ. ಆನೆಗೊಂದಿ ಹತ್ತಿರ ನಾನು ಮಾಡಿದ ತಪ್ಪೇ ಇದು.

ನಂದು ಐದು ರೂಮು. ಡಿಸೆಂಬರ್‌ನಲ್ಲಿ ತುಂಬಿದವು. ಏಪ್ರಿಲ್‌ನಲ್ಲಿ ಬಂಡೆ ಕಾದ ಹೆಂಚು, ಒಬ್ಬರೂ ಇಲ್ಲ. ಸಾಲದ ಕಂತಿಗೆ ಸೀಸನ್ ಇಲ್ಲ, ಅಲ್ವಾ? ಅದಕ್ಕಿಂತ ಜಾಸ್ತಿ ನೋವಾಗಿದ್ದು ಬೇರೆ. ಹಾಲು ಪ್ಯಾಕೆಟ್‌ದು, ತರಕಾರಿ ಪೇಟೆಯದು, ಕಾರು ಹೊರಗಿನದು. ಓಣಿಯವರಿಗೆ ನನ್ನಿಂದ ಸಿಕ್ಕಿದ್ದು ರಾತ್ರಿಯ ಗದ್ದಲ, ಕಾಲುವೆಯಲ್ಲಿ ಬಾಟಲಿ ಚೂರು. ನಾಟಿಗೆ ಇಳಿದ ಹೆಣ್ಣುಮಗಳ ಕಾಲು ಕೊಯ್ಯಿತು. ಊರವರು ದಾರಿಗೆ ಅಡ್ಡ ಟ್ರ್ಯಾಕ್ಟರ್ ನಿಲ್ಲಿಸಿದರು. ಅವರದೇ ಸರಿ.

ಆಮೇಲೆ ಅಡಿಗೆಮನೆ ಮುಚ್ಚಿದೆ. ಊಟ ಓಣಿಯ ಮೂರು ಮನೆಗೆ ಪಾಳಿ ಮೇಲೆ ಕೊಟ್ಟೆ. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ನಮ್ಮ ಗಂಗಾವತಿ ಸೋನಾ ಮಸೂರಿ ಅನ್ನ. ದುಡ್ಡು ನೇರ ಆ ತಾಯಂದಿರ ಕೈಗೆ. ಅದರಲ್ಲಿ ಕಮಿಷನ್ ಕೇಳಬೇಡ, ಕೇಳಿದ ದಿನವೇ ಕೆಡುತ್ತದೆ. ರೊಟ್ಟಿ ತಿಂದವರು ಇನ್ನೊಂದು ದಿನ ಉಳಿಯುತ್ತಾರೆ, ಆ ಬಾಡಿಗೆ ನಿನ್ನದೇ. ಖಾರ ಮಾತ್ರ ಮೊದಲೇ ಕೇಳಲು ಹೇಳು.

ಬಂಡೆ ಹತ್ತುವವರಿಗೆ ಊರ ಹುಡುಗರೇ ಗೈಡ್, ಕೆಳಗೆ ಹಾಸುವ ಮ್ಯಾಟೂ ಅವರ ಬಾಡಿಗೆಯದು. ಬಂಡೆ ಹತ್ತಲು ಬಂದವರು ವಾರಗಟ್ಟಲೆ ಇರುತ್ತಾರೆ. ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಸಂಜೆಗೆ ಮರಳುವವರು ರೂಮು ಹಿಡಿಯುವುದಿಲ್ಲ, ಆದರೆ ಹೂವು, ಕಾಯಿ, ಎಳನೀರಿನವರು ಅವರಿಂದಲೇ ಬದುಕುತ್ತಾರೆ. ನಿನ್ನ ಗೇಟಿನ ಮುಂದೆ ಕೂತ ಎಳನೀರಿನವನನ್ನು ಎಬ್ಬಿಸಬೇಡ. ಆನೆಗೊಂದಿಯಲ್ಲಿ ಬಾಳೆನಾರಿನ ಚೀಲ, ಬುಟ್ಟಿ ಮಾಡುವ ಹೆಣ್ಣುಮಕ್ಕಳ ಹತ್ತಿರವೂ ಕಳಿಸು. ಹರಿಗೋಲಿಗೆ ಲೈಫ್ ಜಾಕೆಟ್ ಇಲ್ಲದೆ ಯಾರನ್ನೂ ಹತ್ತಿಸಬೇಡ. ಡ್ಯಾಂ ನೀರು ಬಿಟ್ಟ ದಿನ ಜಾಕೆಟ್ ಇದ್ದರೂ ಬೇಡ.

ಕಾಗದದ ಮಾತು. ಎನ್‌ಎ, ಅಂದರೆ ಗದ್ದೆಯನ್ನು ಕೃಷಿಯೇತರ ಬಳಕೆಗೆ ಬದಲಿಸುವ ಅನುಮತಿ, ಆಗಿದೆಯಾ? ಹಂಪಿ ವಿಶ್ವ ಪರಂಪರೆ ಪ್ರದೇಶ ನೋಡಿಕೊಳ್ಳುವ ಪ್ರಾಧಿಕಾರದ ಅನುಮತಿ? ಹಂಪಿ ಎದುರಿನ ವಿರೂಪಾಪುರ ಗಡ್ಡೆಯ ರೆಸಾರ್ಟ್‌ಗಳು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಮೇಲೆ ನೆಲಸಮ ಆಗಿದ್ದನ್ನು ನೋಡಿಯೂ ಮೊದಲು ಪಾಯ ತೋಡುತ್ತೀಯಾ? ಬ್ರೋಕರ್ ಮಾತು ನಂಬಬೇಡ, ನೀನೇ ಹೋಗಿ ಬರಹದಲ್ಲಿ ತಗೋ.

ಎಸಿ ಬಿಡು. ಛಾವಣಿಗೆ ಸುಣ್ಣ, ಒಳಗೆ ಕ್ರಾಂಪ್ಟನ್ ಫ್ಯಾನ್. ನಮ್ಮನೆಯಲ್ಲಿ ವೋಲ್ಟೇಜ್ ಇಳಿದಾಗಲೂ ಅದು ತಿರುಗುತ್ತದೆ. ಈ ವರ್ಷ ಹಳೆ ಮನೆಯಲ್ಲೇ ಎರಡು ರೂಮು ಸರಿಮಾಡು. ಗದ್ದೆ ನಾಟಿ ಮಾಡು. ಬಂದವರು ಬೆಳಗ್ಗೆ ಎದ್ದು ಮೊದಲು ಫೋಟೊ ತೆಗೆಯುವುದು ಅದನ್ನೇ.