ಹಸು ಮಾರಿ ಅಕ್ಕ, ಆದರೆ ಎಲ್ಲ ಒಟ್ಟಿಗೆ ಬೇಡ

ಓದುಗರ ಪತ್ರ: "ನಮ್ಮದು ಚಿಂತಾಮಣಿ ತಾಲ್ಲೂಕು. ಏಳು ಸೀಮೆ ಹಸು, ಎರಡು ಕಡಸು ಇವೆ. ಅತ್ತೆಯ ಕಾಲದಿಂದ ಡೈರಿಗೆ ಹಾಲು ಹಾಕುತ್ತಿದ್ದೇವೆ. ಯಜಮಾನರಿಗೆ ಬೆನ್ನು ನೋವು, ಭಾರ ಎತ್ತುವ ಹಾಗಿಲ್ಲ. ಮಗನಿಗೆ ನರಸಾಪುರದ ಕಂಪನಿಯಲ್ಲಿ ಶಿಫ್ಟ್ ಕೆಲಸ. ಸೊಸೆ ಟೈಲರಿಂಗ್ ಮಾಡುತ್ತಾಳೆ. ನನಗೆ 52 ವರ್ಷ, ಮಂಡಿ ನೋವು. ಈಗ ಕರೆಯುತ್ತಿರುವುದು ನಾಲ್ಕೇ ಹಸು. ಒಂದು ಬತ್ತಿದೆ, ಏಳು ತಿಂಗಳ ಗಬ್ಬ. ಒಂದಕ್ಕೆ ಎಷ್ಟು ಇಂಜೆಕ್ಷನ್ ಹಾಕಿಸಿದರೂ ಗಬ್ಬ ನಿಲ್ಲುತ್ತಿಲ್ಲ. ಇನ್ನೊಂದು ಮುದಿ ಹಸು. ಎಲ್ಲ ಮಾರಿ ಟೊಮೆಟೊ ಇಡೋಣ ಅಂತಾನೆ ಮಗ. ನೀಲಗಿರಿ ಹಾಕಿ ಸುಮ್ನಿರಿ ಅಂತಾರೆ ಮೈದುನ. ನನಗೆ ರೇಷ್ಮೆ ಮೇಲೆ ಆಸೆ, ತವರಲ್ಲಿ ಮಾಡುತ್ತಿದ್ದರು. ಮೂರೂವರೆ ಎಕರೆ ಇದೆ. ಬೋರಿನ ನೀರು ಒಂದು ಎಕರೆಗೆ ಸಾಕಾಗುತ್ತೆ. ಹಸು ಮಾರಿದರೆ ಮನೆ ಲಕ್ಷ್ಮಿ ಹೋಗುತ್ತಾಳೆ ಅಂತ ಅಕ್ಕಪಕ್ಕದವರು ಹೇಳುತ್ತಾರೆ. ನಾನು ತಪ್ಪು ಮಾಡುತ್ತಿದ್ದೀನಾ? ಹೆಸರು ಹಾಕಬೇಡಿ, ಊರಲ್ಲಿ ಮಾತಾಗುತ್ತೆ."

ಸಂಪಾದಕರ ಉತ್ತರ:

ಅಕ್ಕ, ನಮಸ್ಕಾರ. ನೀವು ತಪ್ಪು ಮಾಡುತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇವೆ, ಯಾಕೆಂದರೆ ನಿಮ್ಮ ಪತ್ರದಲ್ಲಿ ಲೆಕ್ಕಕ್ಕಿಂತ ಅಳುಕೇ ಜಾಸ್ತಿ ಕಾಣುತ್ತಿದೆ.

ಲಕ್ಷ್ಮಿಯ ಮಾತಿಗೇ ಮೊದಲು ಬರೋಣ. ನಮ್ಮ ಸೀಮೆಗೆ ಈ ಕಪ್ಪು ಬಿಳಿ ಹಸುಗಳು ಬಂದು ಎರಡು ಮೂರು ತಲೆಮಾರು ಆಗಿದೆ ಅಷ್ಟೆ. ಅವನ್ನು ತಂದವರು ಎಂದು, ಸಚಿವರಾಗಿದ್ದ ಎಂ.ವಿ. ಕೃಷ್ಣಪ್ಪನವರನ್ನು ಕೋಲಾರದ ಕಡೆಯ ಹಿರಿಯರು ಈಗಲೂ ನೆನೆಯುತ್ತಾರೆ. ಅದಕ್ಕೂ ಮೊದಲು ಕೊಟ್ಟಿಗೆಯಲ್ಲಿ ಇದ್ದದ್ದು ನಾಟಿ ಹಸು, ಉಳುವ ಎತ್ತು. ಅವನ್ನು ಕಳಿಸಿ ಸೀಮೆ ಹಸು ಕಟ್ಟಿದಾಗಲೂ ಊರವರು ಏನೋ ಒಂದು ಅಂದಿರುತ್ತಾರೆ. ಅಂದು ಮನೆಗೆ ಯಾವುದು ಒಗ್ಗುತ್ತದೆ ಎಂದು ನೋಡಿ ನಿಮ್ಮ ಅತ್ತೆ ಬದಲಾದರು. ಇಂದು ನೀವು ಬದಲಾಗುತ್ತಿದ್ದೀರಿ. ಹೊಟ್ಟೆಗೆ ಸಾಲದೆ ಕಟ್ಟಿದ ಏಳು ಹಸುವಿಗಿಂತ ಚೆನ್ನಾಗಿ ಮೇಯುವ ಎರಡು ಹಸುವೇ ಮನೆಗೆ ಶುಭ ಎಂದು ನಾವು ನಂಬುತ್ತೇವೆ.

ಈಗ ಕೊಟ್ಟಿಗೆಯ ಲೆಕ್ಕ. ಏಳರಲ್ಲಿ ನಾಲ್ಕು ಕರೆಯುತ್ತಿವೆ ಎಂದು ಬರೆದಿದ್ದೀರಿ. ತೊಂದರೆ ಅಲ್ಲೇ ಇದೆ. ಚೆನ್ನಾಗಿ ನಡೆಯುವ ಕೊಟ್ಟಿಗೆಯಲ್ಲಿ ಯಾವ ದಿನ ನೋಡಿದರೂ ಏಳಕ್ಕೆ ಐದಾರು ಹಾಲಿನಲ್ಲಿ ಇರಬೇಕು. ಹಸು ವರ್ಷಕ್ಕೊಂದು, ಹೆಚ್ಚೆಂದರೆ 13 ತಿಂಗಳಿಗೊಂದು ಕರು ಹಾಕಿದರೆ ಮಾತ್ರ ಅದು ಸಾಧ್ಯ. ಬೆದೆ ಬರುವುದು 21 ದಿನಕ್ಕೊಮ್ಮೆ. ರಾತ್ರಿ ಹೊತ್ತು ಕೂಗಿದ್ದನ್ನು ಯಾರೂ ಗಮನಿಸದಿದ್ದರೆ ಮೂರು ವಾರ ಹೋಯಿತು. ಎರಡು ಸಲ ತಪ್ಪಿದರೆ ಒಂದೂವರೆ ತಿಂಗಳ ಮೇವು ದಂಡ. ಹತ್ತು ಲೀಟರ್ ಕೊಡುವ ಹಸುವಿಗೆ ಮೈಗೆ ಒಂದೂವರೆ ಕಿಲೋ, ಲೀಟರಿಗೆ 400 ಗ್ರಾಂ ಲೆಕ್ಕದಲ್ಲಿ ದಿನಕ್ಕೆ ಐದೂವರೆ ಕಿಲೋ ಫೀಡ್ ಬೇಕು. 50 ಕಿಲೋ ಚೀಲ ಒಂದೇ ಹಸುವಿಗೆ ಒಂಬತ್ತು ದಿನ ಬರುತ್ತದೆ. ಹಾಲು ಕೊಡದ ಮೂರು ಹಸು, ಎರಡು ಕಡಸು ಇದೇ ಚೀಲಕ್ಕೆ ಬಾಯಿ ಹಾಕಿದಾಗ ಕರೆಯುವ ಹಸುವಿಗೆ ಕಮ್ಮಿ ಬೀಳುತ್ತದೆ. ಅದು ಡೈರಿಯ ಚೀಟಿಯಲ್ಲಿ ಗೊತ್ತಾಗುತ್ತದೆ. ಫ್ಯಾಟ್ 3.5, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನ ಉಳಿದ ಗಟ್ಟಿ ಅಂಶ) 8.5 ಇರಬೇಕಾದ ಕಡೆ ಎಸ್‌ಎನ್‌ಎಫ್ 8.1, 8.2 ಎಂದು ಬರುತ್ತಿದ್ದರೆ ಹಸು ಅರೆಹೊಟ್ಟೆಯಲ್ಲಿದೆಯಾ ಎಂದು ನೋಡಬೇಕು.

ಇದನ್ನೆಲ್ಲ ಸರಿಮಾಡಬಹುದು. ಬೆದೆ ನೋಡಲು, ಸಮಯಕ್ಕೆ ಡಾಕ್ಟರನ್ನು ಕರೆಸಲು, ಖನಿಜದ ಪುಡಿ ತಪ್ಪದೆ ಹಾಕಲು ಒಬ್ಬರು ಇರಬೇಕು. ನಿಮ್ಮ ಮನೆಯಲ್ಲಿ ಆ ಒಬ್ಬರು ಯಾರು? ನೀವೇ. ಸಗಣಿ ಬಾಚುವವರೂ ನೀವೇ. ಹಾಲು ಕರೆಯುವ ಮಿಷನ್ ತಗೊಳ್ಳಿ ಅಂತ ಯಾರಾದರೂ ಹೇಳಬಹುದು. ಕೂತು ಏಳುವ ಕಷ್ಟ ಅದರಿಂದ ತಪ್ಪುತ್ತದೆ, ನಿಜ. ಆದರೆ ಒಂದು ಸೀಮೆ ಹಸು ದಿನಕ್ಕೆ 25 ಕಿಲೋದಷ್ಟು ಹಸಿ ಮೇವು ತಿನ್ನುತ್ತದೆ, 15 ಕಿಲೋಗೆ ಕಮ್ಮಿಯಿಲ್ಲದೆ ಸಗಣಿ ಹಾಕುತ್ತದೆ. ಏಳು ಹಸುವಿಗೆ ದಿನಾ 175 ಕಿಲೋ ಹುಲ್ಲು ಕೊಯ್ದು, ಕಟ್ಟಿ, ತಲೆ ಮೇಲೆ ಹೊತ್ತು ತರಬೇಕು. ಮಂಡಿ ಸವೆಯುವುದು ಈ ಹೊರೆಯಲ್ಲಿ. ಅದಕ್ಕೆ ಮಿಷನ್ ಇಲ್ಲ. ಮಗನಿಗೆ ನೈಟ್ ಶಿಫ್ಟ್ ಇದ್ದ ವಾರ ಹೊರೆ ಎತ್ತಿಕೊಡಲು ಯಾರಿರುತ್ತಾರೆ ಎಂದು ನೀವು ಬರೆದಿಲ್ಲ. ನಮಗೆ ಗೊತ್ತಾಗುತ್ತದೆ.

ಆದ್ದರಿಂದ ಮಾರಿ. ಆದರೆ ಯಾವುದನ್ನು ಮೊದಲು ಮಾರಬೇಕು ಅನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ಒಳ್ಳೆಯದನ್ನು ಇಟ್ಟುಕೊಂಡು ಕೆಲಸಕ್ಕೆ ಬಾರದ್ದನ್ನು ಕಳಿಸೋಣ ಅನ್ನುತ್ತಾರೆ. ಕೆಲಸಕ್ಕೆ ಬಾರದ್ದನ್ನು ಕೊಳ್ಳುವವರು ಯಾರು? ಹಸುವಿಗೆ ಒಳ್ಳೆ ಬೆಲೆ ಸಿಗುವುದು ಎರಡನೇ, ಮೂರನೇ ಸೂಲಿನಲ್ಲಿ. ಅದೂ ಕರು ಹಾಕಿದ ಹೊಸತರಲ್ಲಿ, ಇಲ್ಲವೇ ತುಂಬು ಗಬ್ಬದಲ್ಲಿ. ಐದಾರು ಸೂಲು ಕಳೆದು ಕೆಚ್ಚಲು ಜೋತುಬಿದ್ದ ಮೇಲೆ ವ್ಯಾಪಾರಿ ಹಗ್ಗ ಹಿಡಿಯಲೂ ಬರುವುದಿಲ್ಲ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆ ಬಂದ ಮೇಲೆ ಯಾವ ವಯಸ್ಸಿನ ಹಸು, ಎತ್ತು, ಕರುವನ್ನೂ ಕಡಿಯುವ ಹಾಗಿಲ್ಲ. ಅದರ ಬಗ್ಗೆ ಒಬ್ಬೊಬ್ಬರದು ಒಂದೊಂದು ಅಭಿಪ್ರಾಯ. ರೈತನ ಕೊಟ್ಟಿಗೆಗೆ ಅದರ ಅರ್ಥ ಒಂದೇ. ಬರಡಾದ ಹಸು, ಗಂಡು ಕರು ನಿಮ್ಮಲ್ಲೇ ಉಳಿಯುತ್ತವೆ, ನೀವೇ ಸಾಕಬೇಕು. ಈಗ ಚೆನ್ನಾಗಿರುವ ಹಸುವನ್ನು ಈಗಲೇ ಕಳಿಸಿದರೆ ಅದನ್ನು ಮೇಯಿಸುವ ಮನೆಗೆ ಹೋಗುತ್ತದೆ. ನಾಲ್ಕು ವರ್ಷ ಬಿಟ್ಟರೆ ಎಲ್ಲಿಗೂ ಹೋಗುವುದಿಲ್ಲ.

ನಿಮ್ಮ ಕೊಟ್ಟಿಗೆಗೆ ನಾವು ಹೇಳುವುದು ಹೀಗೆ. ಬತ್ತಿರುವ ಏಳು ತಿಂಗಳ ಗಬ್ಬದ ಹಸು ಮೊದಲು ಹೋಗಲಿ. ಮಾರುವ ಮೊದಲು ಪಶು ಆಸ್ಪತ್ರೆಯ ಡಾಕ್ಟರಿಂದ ಗಬ್ಬ ಖಾತ್ರಿ ಮಾಡಿಸಿ. ಅದರ ಜೊತೆಗೆ ಕರೆಯುವುದರಲ್ಲಿ ಹೊಸದಾಗಿ ಕರು ಹಾಕಿದ್ದು ಒಂದು, ದೊಡ್ಡ ಕಡಸು ಒಂದು. ಮೂರು ಸಾಕು ಈ ವರ್ಷಕ್ಕೆ. ಗಬ್ಬ ನಿಲ್ಲದ ಹಸುವಿಗೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಬೇಡ. ಗರ್ಭಕೋಶ ಪರೀಕ್ಷೆ ಮಾಡಿಸಿ, ಸೋಂಕು ಇದ್ದರೆ ಔಷಧಿ ಕೊಡಿಸಿ. ನಿಂತರೆ ಗಬ್ಬದಲ್ಲೇ ಮಾರಿ. ಕೊನೆಗೆ ಉಳಿಯುವ ಎರಡು ಹಸು ಯಾವುವು ಎಂದರೆ, ಜಾಸ್ತಿ ಹಾಲಿನವೇ ಆಗಬೇಕಿಲ್ಲ. ನಿಮಗೆ ಹುಷಾರಿಲ್ಲದ ದಿನ ಸೊಸೆ ಹತ್ತಿರ ಹೋದರೂ ಕಾಲು ಎತ್ತದ ಸಾಧು ಹಸುಗಳಾಗಿರಲಿ. ಎರಡಕ್ಕೂ ಕರು ಹಾಕುವ ಕಾಲದಲ್ಲಿ ಆರು ತಿಂಗಳ ಅಂತರ ಇದ್ದರೆ ವರ್ಷಪೂರ್ತಿ ಮನೆಗೂ ಡೈರಿಗೂ ಹಾಲು ಇರುತ್ತದೆ. ಹಾಲಿನ ಸಂಘದ ಬೈಲಾದಲ್ಲಿ (ಸಂಘದ ನಿಯಮಗಳಲ್ಲಿ) ಸದಸ್ಯರು ವರ್ಷಕ್ಕೆ ಕನಿಷ್ಠ ಇಷ್ಟು ದಿನ, ಇಷ್ಟು ಲೀಟರ್ ಹಾಕಬೇಕು ಎಂದು ಇರುತ್ತದೆ. ಸೆಕ್ರೆಟರಿ ಹತ್ತಿರ ಕೇಳಿ ತಿಳಿದುಕೊಳ್ಳಿ. ಸದಸ್ಯತ್ವ ಮಾತ್ರ ಕಳೆದುಕೊಳ್ಳಬೇಡಿ.

ಮುದಿ ಹಸುವನ್ನು ಇಟ್ಟುಕೊಳ್ಳಿ. ಅದರ ಖರ್ಚನ್ನು ಹಾಲಿನ ಲೆಕ್ಕಕ್ಕೆ ಹಾಕಬೇಡಿ, ಮನೆ ಖರ್ಚಿಗೆ ಬರೆಯಿರಿ. ಅಷ್ಟು ವರ್ಷ ಹಾಲು ಕೊಟ್ಟ ಜೀವಕ್ಕೆ ರಾಗಿ ಹುಲ್ಲು, ಕಲಗಚ್ಚು ಕೊಡುವ ಶಕ್ತಿ ನಿಮಗಿದೆ. ಇದರಲ್ಲಿ ಲಾಭ ನಷ್ಟ ನೋಡುವುದು ನಮಗೆ ಸರಿ ಕಾಣುವುದಿಲ್ಲ.

ಮಾರುವಾಗ ಆದಷ್ಟೂ ಮನೆ ಬಾಗಿಲಲ್ಲೇ ಮಾರಿ. ಸಂತೆಗೆ ಹೊಡೆದುಕೊಂಡು ಹೋದರೆ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮುಗಿಸಿಬಿಡುತ್ತಾರೆ, ನಿಮಗೆ ಗೊತ್ತಾಗುವುದು ಕೊನೆಗೆ. ಕೊಳ್ಳುವವರು ಬಂದು ಎರಡು ಹೊತ್ತು ಕರೆದು ನೋಡಲಿ. ಒಂದು ಮೊಲೆಗೆ ಕೆಚ್ಚಲು ಬಾವು ಬಂದು ಹೋಗಿದ್ದರೆ ನೀವೇ ಬಾಯಿಬಿಟ್ಟು ಹೇಳಿ, ನಾಳೆ ಜಗಳ ಇರುವುದಿಲ್ಲ. ಬೇಸಿಗೆಯಲ್ಲಿ ಮೇವಿಲ್ಲದೆ ಎಲ್ಲರೂ ಮಾರುವಾಗ ಮಾರಬೇಡಿ. ರಾಗಿ ಕೊಯ್ದು ಹುಲ್ಲು ಮೆದೆಗೆ ಬಿದ್ದ ಮೇಲೆ ಕೊಳ್ಳುವವರಿಗೆ ಧೈರ್ಯ ಬರುತ್ತದೆ. ಹಸುವಿನ ಕಿವಿಗೆ ಹಾಕಿದ ಗುರುತಿನ ಓಲೆಯ ನಂಬರು ಕೊಂಡವರ ಹೆಸರಿಗೆ ಬದಲಾಗಲಿ. ಹಸು ಮೇಲೆ ಸಾಲ, ವಿಮೆ ಇದ್ದರೆ ಬ್ಯಾಂಕಿನಲ್ಲಿ ಮೊದಲು ಮಾತಾಡಿ.

ಇನ್ನು ಮುಂದೆ ಏನು ಬೆಳೆಯುವುದು. ಮೈದುನರ ನೀಲಗಿರಿ ಬೇಡವೇ ಬೇಡ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಷೇಧಿಸಿದೆ.

ಮಗನ ಟೊಮೆಟೊ ಆಸೆ ಅರ್ಥವಾಗುತ್ತದೆ. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್ಟಿನಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿದ್ದನ್ನು ನೋಡಿದ ಹುಡುಗರಿಗೆ ಅದು ಕಣ್ಣಿಂದ ಹೋಗುವುದಿಲ್ಲ. ಕೀಳುವ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದ ವರ್ಷಗಳೂ ಅವನಿಗೆ ಗೊತ್ತು. ಗೂಟ, ದಾರ, ಔಷಧಿ ಎಂದು ಸಾಲ ತಂದು ಹಾಕಬೇಕಾದ ಬೆಳೆ ಅದು. ತೋಟದಲ್ಲಿ ದಿನಾ ಕಣ್ಣಿಟ್ಟು ಓಡಾಡುವವರೂ ಬೇಕು. ಶಿಫ್ಟಿಗೆ ಹೋಗುವವನ ಕೈಲಿ ಆಗುವುದಲ್ಲ. ಕೊನೆಗೆ ನಿಮ್ಮ ಮೇಲೇ ಬೀಳುತ್ತದೆ. ಇನ್ನೊಂದು ಮುಖ್ಯ ಮಾತು. ಟೊಮೆಟೊಗೆ ಹೊಡೆದ ಔಷಧಿ ಗಾಳಿಗೆ ಬಂದು ರೇಷ್ಮೆ ಹುಳ ತಿನ್ನುವ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಹುಳ ಉಳಿಯುವುದಿಲ್ಲ. ಒಂದೇ ಎಕರೆ ನೀರಾವರಿಯಲ್ಲಿ ಎರಡನ್ನೂ ಪಕ್ಕ ಪಕ್ಕ ಇಡುವುದಕ್ಕೆ ಆಗುವುದಿಲ್ಲ. ಪಕ್ಕದ ಹೊಲದವರು ಏನು ಇಡುತ್ತಾರೆ ಎಂದೂ ಕೇಳಿಕೊಳ್ಳಿ.

ನಮಗೆ ನಿಮ್ಮ ರೇಷ್ಮೆ ಆಸೆಯೇ ಸರಿ ಎನಿಸುತ್ತದೆ. ತವರಲ್ಲಿ ನೋಡಿದ ಕೆಲಸ, ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು ಹತ್ತಿರ. ಮರಿ ಹುಳ ಸಾಕಿಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ (ಹುಳ ಪೊರೆ ಬಿಡುವ ಹಂತ) ಎದ್ದ ಹುಳ ತಂದರೆ ಮನೆಯಲ್ಲಿ ಮೂರು ವಾರದ ಒಳಗೆ ಗೂಡು ಕಟ್ಟುತ್ತದೆ. ಅದರಲ್ಲಿ ಕಷ್ಟದ್ದು ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರ. ಹುಳ ಜೀವಮಾನದಲ್ಲಿ ತಿನ್ನುವ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಜಾಸ್ತಿ ಆ ವಾರದಲ್ಲೇ ತಿನ್ನುತ್ತದೆ. ಮನೆಯಲ್ಲಿ ಮಳೆ ಸುರಿದ ಹಾಗೆ ಸದ್ದು ಕೇಳುತ್ತಿರುತ್ತದೆ, ಹಾಕಿದ ಸೊಪ್ಪು ಕಣ್ಣೆದುರೇ ಕರಗುತ್ತದೆ. ಆ ವಾರಕ್ಕೆ ಮಗ ರಜೆ ಹಾಕಬೇಕು, ಇಲ್ಲ ಒಂದು ಆಳು ಬೇಕು. ಎಲೆ ಬಿಡಿಸದೆ ಕಡ್ಡಿ ಸಮೇತ ಸ್ಟ್ಯಾಂಡಿನ ಮೇಲೆ ಹಾಕಿದರೆ ನಿಮ್ಮ ಮಂಡಿಗೂ ಆರಾಮ. ಹಣ್ಣಾದ ಹುಳ ಚಂದ್ರಿಕೆಗೆ (ಗೂಡು ಕಟ್ಟುವ ತಟ್ಟೆಗೆ) ಹೋಗಿ ಗೂಡು ಮಾರಿದ ಮೇಲೆ ಮುಂದಿನ ಬೆಳೆಗೆ ಸೊಪ್ಪು ಬರುವ ತನಕ ಬಿಡುವು. ವರ್ಷಕ್ಕೆ ಐದು ಬೆಳೆ ತೆಗೆದರೂ ನಡುವೆ ನೆಂಟರ ಮದುವೆಗೆ ಎರಡು ದಿನ ಮೊದಲೇ ಹೋಗಿ ಉಳಿಯಬಹುದು. ಹಸು ಕಟ್ಟಿದ ಮನೆಯ ಹೆಂಗಸಿಗೆ ಎಷ್ಟು ವರ್ಷದಿಂದ ಅದು ಆಗಿಲ್ಲ, ಅಲ್ವಾ?

ಆದರೆ ಗಿಡ ನೆಟ್ಟ ಕೂಡಲೇ ಹುಳ ಸಾಕಲು ಆಗುವುದಿಲ್ಲ. ಮೊದಲ ಕೊಯ್ಲಿಗೆ ಆರು ತಿಂಗಳಾದರೂ ಬೇಕು, ಸೊಪ್ಪು ತುಂಬುವುದು ಎರಡನೇ ವರ್ಷಕ್ಕೆ. ಅಲ್ಲಿಯ ತನಕ ಮನೆ ನಡೆಸುವುದು ಉಳಿದ ಹಸುಗಳೇ. ಎಲ್ಲ ಒಟ್ಟಿಗೆ ಬೇಡ ಎಂದದ್ದು ಅದಕ್ಕೆ. ಎರಡು ಹಸು, ಒಂದು ಕಡಸು ಕಮ್ಮಿಯಾದರೆ ನೇಪಿಯರ್ ಹುಲ್ಲಿನ ಒಂದಷ್ಟು ಜಾಗ ಬಿಡುವಾಗುತ್ತದೆ, ಅಲ್ಲಿ ಗಿಡ ನೆಡಿ. ನೀರು ಇನ್ನೂ ಕಮ್ಮಿಯಾಗುವ ಭಯ ಇದ್ದರೆ ಅಂತರ ಜಾಸ್ತಿ ಕೊಟ್ಟು ಮರದ ಹಾಗೆ ಬೆಳೆಸುವ ಪದ್ಧತಿ ಇದೆ. ಕುರುಬೂರಿನ ಕೃಷಿ ವಿಜ್ಞಾನ ಕೇಂದ್ರದಲ್ಲೂ ರೇಷ್ಮೆ ಇಲಾಖೆಯಲ್ಲೂ ವಿಚಾರಿಸಿ. ಹುಳು ಮನೆ, ಹನಿ ನೀರಾವರಿಗೆ ಸಹಾಯಧನ ಏನಿದೆ ಎಂದು ಗಿಡ ನೆಡುವ ಮೊದಲೇ ಕೇಳಿ. ಹಿಪ್ಪುನೇರಳೆಗೆ ಎಕರೆಗೆ ವರ್ಷಕ್ಕೆ ಎಂಟು ಟನ್ ಕೊಟ್ಟಿಗೆ ಗೊಬ್ಬರ ಬೇಕು. ಎರಡು ಹಸು ಉಳಿಸಿಕೊಳ್ಳಿ ಎಂದದ್ದು ಇದಕ್ಕೂ ಸೇರಿ. ಕಡ್ಡಿ ಮಿಕ್ಕರೆ ಹಸು ತಿನ್ನುತ್ತದೆ. ಸುಣ್ಣ, ಔಷಧಿ ಪುಡಿ ಉದುರಿಸಿದ ಹಾಸಿನ ಕಸ ಮಾತ್ರ ಕೊಡಬೇಡಿ, ಗೊಬ್ಬರದ ಗುಂಡಿಗೆ ಹಾಕಿ. ಹುಳು ಮನೆ ಕೊಟ್ಟಿಗೆಯಿಂದ ದೂರ ಇರಲಿ, ಹುಳದ ಮೈಮೇಲೆ ಮೊಟ್ಟೆ ಇಟ್ಟು ಕೊಲ್ಲುವ ಊಜಿ ನೊಣ ಬರದ ಹಾಗೆ ಕಿಟಕಿ ಬಾಗಿಲಿಗೆ ಬಲೆ ಇರಲಿ. ಮಳೆ ನಂಬಿದ ಎರಡೂವರೆ ಎಕರೆಯಲ್ಲಿ ರಾಗಿ, ಅವರೆ ಹಾಗೇ ನಡೆಯಲಿ. ಊಟಕ್ಕೂ ಆಯಿತು, ಹುಲ್ಲಿಗೂ ಆಯಿತು.

ನೀವು ಕೇಳದ ಒಂದು ವಿಷಯ ಉಳಿದಿದೆ. ನಮಗೆ ಅದೇ ಎಲ್ಲಕ್ಕಿಂತ ಮುಖ್ಯ. ಡೈರಿಯ ಪಾಸ್‌ಬುಕ್ ಯಾರ ಹೆಸರಲ್ಲಿದೆ? ನಿಮ್ಮದೇ ಎಂದುಕೊಂಡಿದ್ದೇವೆ. ಹಾಲಿನ ಬಟವಾಡೆ, ಸರ್ಕಾರ ಲೀಟರಿಗೆ ಕೊಡುವ 5 ರೂಪಾಯಿ ಪ್ರೋತ್ಸಾಹಧನ ನಿಮ್ಮ ಖಾತೆಗೆ ಬರುತ್ತಿತ್ತು. ಮಾತ್ರೆ ತರಲು, ಮೊಮ್ಮಕ್ಕಳ ಕೈಗೆ ಏನಾದರೂ ಇಡಲು ನೀವು ಯಾರನ್ನೂ ಕೇಳುತ್ತಿರಲಿಲ್ಲ. ರೇಷ್ಮೆಯಲ್ಲಿ ಪಹಣಿ ಯಾರ ಹೆಸರಲ್ಲಿದೆಯೋ ಪಾಸ್‌ಬುಕ್ಕೂ ಸಾಮಾನ್ಯವಾಗಿ ಅವರದೇ ಇರುತ್ತದೆ, ಗೂಡಿನ ಹಣ ಅವರ ಖಾತೆಗೆ ಬೀಳುತ್ತದೆ. ದುಡಿಯುವವರು ನೀವು, ಹಣ ಬರುವುದು ಇನ್ನೊಬ್ಬರಿಗೆ. ಜಗಳ ಇಲ್ಲದ ಮನೆಯಲ್ಲೂ ಇದು ನಿಧಾನಕ್ಕೆ ನೋವು ಕೊಡುತ್ತದೆ. ಆದ್ದರಿಂದ ಗಿಡ ನೆಡುವ ಮೊದಲೇ ಯಜಮಾನರು, ಮಗ, ಸೊಸೆ ಎಲ್ಲರನ್ನೂ ಕೂರಿಸಿಕೊಂಡು ಮಾತಾಡಿ. ಗೂಡಿನ ಹಣ ಬರುವ ಖಾತೆ ನಿಮ್ಮಿಬ್ಬರ ಜಂಟಿ ಹೆಸರಲ್ಲಿ ಆಗುತ್ತದಾ ಎಂದು ಬ್ಯಾಂಕಿನಲ್ಲೂ ಇಲಾಖೆಯಲ್ಲೂ ಕೇಳಿಸಿ. ಆಗದಿದ್ದರೆ ಪ್ರತಿ ಬೆಳೆಗೆ ನಿಮ್ಮ ಪಾಲು ಇಷ್ಟು ಎಂದು ಈಗಲೇ ಗೊತ್ತು ಮಾಡಿಕೊಳ್ಳಿ. ಹಸು ಮಾರಿದ ಹಣವಂತೂ ನೇರ ನಿಮ್ಮ ಖಾತೆಗೇ ಬರಲಿ. ಹುಳು ಮನೆಗೂ ಪೈಪಿಗೂ ಖರ್ಚಾಗುವುದು ಅಲ್ಲಿಂದಲೇ ಆಗಲಿ, ಚೆಕ್ಕಿಗೆ ಸಹಿ ಹಾಕುವವರು ನೀವಾಗಿರಿ.